ತೊಗಟೆಯ ಕೆಳಗಿನ ಶತ್ರು

ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕಾಫಿ ಪುಡಿಯ ಅಂಗಡಿಯ ಮುಂದೆ ನಿಂತು, ‘ಪ್ಲಾಂಟೇಷನ್ ಮುಕ್ಕಾಲು, ಪೀಬರಿ ಕಾಲು, ಚಿಕೋರಿ ಬೇಡವೇ ಬೇಡ’ ಎಂದು ಅಪ್ಪಣೆ ಮಾಡುವ ಗೃಹಸ್ಥರನ್ನು ನಾವೆಲ್ಲರೂ ಬಲ್ಲೆವು. ಬೀಜ ಪುಡಿಯಾಗಿ ಯಂತ್ರದಿಂದ ಇಳಿಯುವಾಗ ಬೀದಿಯ ತಿರುವಿನವರೆಗೂ ಹಬ್ಬುವ ಆ ಘಮ ಯಾರ ಮನಸ್ಸನ್ನು ತಾನೇ ಸೆಳೆಯದು! ವ್ಯಾಪಾರದ ಮಾತಿನಲ್ಲಿ ‘ಪ್ಲಾಂಟೇಷನ್’ ಎಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಅರೇಬಿಕಾ ಕಾಫಿ. ಈ ಅರೇಬಿಕಾ ಗಿಡ ರಾಜಮನೆತನದ ಕೂಸಿನಂತೆ. ಗುಣ ಬಹಳ, ಸುಕುಮಾರತೆಯೂ ಬಹಳ. ಅದಕ್ಕೆ ತಂಪಾದ ಎತ್ತರದ ನೆಲ ಬೇಕು, ಹದವಾದ ನೆರಳು ಬೇಕು. ಇಷ್ಟೆಲ್ಲ ಒದಗಿಸಿ ಬೆಳೆಸಿದ ಮೇಲೂ, ಅದರ ತೊಗಟೆಯ ಕೆಳಗೆ ಸದ್ದಿಲ್ಲದೆ ಸೇರಿ, ಒಳಗಿನ ತಿರುಳನ್ನು ತಿಂದು ಗಿಡವನ್ನೇ ಮುಗಿಸಿಬಿಡುವ ಶತ್ರುವೊಂದುಂಟು. ಅದರ ಹೆಸರು ಬಿಳಿ ಕಾಂಡಕೊರಕ. ತೋಟದವರ ಬಾಯಲ್ಲಿ ಬರೀ ‘ಬೋರರ್’.

ಕೊಡಗಿನ ಉತ್ತರ ಭಾಗದ ಸೋಮವಾರಪೇಟೆಯಲ್ಲಿ ಈ ಹೆಸರನ್ನು ಕೇಳದ ಮಕ್ಕಳಿಲ್ಲ. ಕೊಡಗು ಇಂದು ಹೆಚ್ಚಾಗಿ ರೊಬಸ್ಟಾ ಕಾಫಿಯ ನಾಡು. ಅಲ್ಲಿ ಅರೇಬಿಕಾ ನೆಲೆ ನಿಂತಿರುವುದು ಬಹುಮಟ್ಟಿಗೆ ಈ ಉತ್ತರದ ಎತ್ತರದ ಸೀಮೆಯಲ್ಲಿ. ಪುಷ್ಪಗಿರಿಯ ಮಗ್ಗುಲಿನ ಶಾಂತಳ್ಳಿಯ ಕಡೆ ಮುಂಗಾರು ಹಗಲಿರುಳೆನ್ನದೆ ಸುರಿಯುತ್ತದೆ. ಪೂರ್ವಕ್ಕೆ ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆ ಇಳಿದಂತೆ ಮಳೆ ಕಡಿಮೆಯಾಗಿ ಬಿಸಿಲು ಹೆಚ್ಚುತ್ತದೆ. ಈ ಇಳಿಜಾರುಗಳಲ್ಲಿ ಹತ್ತು ಎಕರೆಗೆ ಮೀರದ ಸಣ್ಣ ಹಿಡುವಳಿಗಳೇ ಹೆಚ್ಚು. ೨೦೧೯ರಲ್ಲಿ ‘ಕೂರ್ಗ್ ಅರೇಬಿಕಾ’ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಬೆಳೆಗಾರರು ಹೆಮ್ಮೆಪಟ್ಟರು. ಆದರೆ ಹೆಸರಿಗೆ ಮಾನ್ಯತೆ ಬಂದಷ್ಟು ಸುಲಭವಾಗಿ ಗಿಡಕ್ಕೆ ಆಯುಸ್ಸು ಬರುವುದಿಲ್ಲ. ಬೋರರಿನ ಕಾಟ ತಾಳಲಾರದೆ ಅರೇಬಿಕಾ ಕಿತ್ತು ರೊಬಸ್ಟಾ ನೆಟ್ಟವರು ಅನೇಕರು. ರೊಬಸ್ಟಾ ಗಿಡದಲ್ಲಿ ಈ ಹುಳು ನೆಲೆಯೂರಲಾರದು. ಹೀಗೆಯೇ ಸಾಗಿದರೆ ಅರೇಬಿಕಾದ ಘಮ ನಮ್ಮ ಮಕ್ಕಳ ಕಾಲಕ್ಕೆ ನೆನಪು ಮಾತ್ರವಾದೀತೇ? ಪ್ರಶ್ನೆ ಸಣ್ಣದಲ್ಲ.

ಒಂದು ವರ್ಷದ ಅಜ್ಞಾತವಾಸ

ಶತ್ರುವಿನ ಸ್ವಭಾವವನ್ನು ಮೊದಲು ತಿಳಿಯೋಣ. ಬಿಳಿ ಕಾಂಡಕೊರಕವು ಮುಕ್ಕಾಲು ಅಂಗುಲದ ಒಳಗಿನ ಒಂದು ದುಂಬಿ. ಕಪ್ಪು ಮೈ, ರೆಕ್ಕೆಯ ಗಟ್ಟಿ ಹೊದಿಕೆಯ ಮೇಲೆ ಬಿಳಿಯ ಪಟ್ಟೆಗಳು. ನೋಡಲು ಚೆಲುವಾಗಿಯೇ ಇದೆ. ವರ್ಷದಲ್ಲಿ ಎರಡು ಬಾರಿ ಇದರ ಹಾರಾಟ: ಏಪ್ರಿಲಿನಿಂದ ಜೂನ್ ವರೆಗೆ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್ ವರೆಗೆ ಇನ್ನೊಮ್ಮೆ. ಪ್ರಖರವಾದ ಬಿಸಿಲು ಇದಕ್ಕೆ ಅತಿ ಪ್ರಿಯ. ಹೆಣ್ಣು ದುಂಬಿ ಬಿಸಿಲಿಗೆ ಒಡ್ಡಿಕೊಂಡ ಗಿಡವನ್ನು ಆರಿಸಿ, ಅದರ ಮುಖ್ಯ ಕಾಂಡದ ಮತ್ತು ದಪ್ಪ ರೆಂಬೆಗಳ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಗಳನ್ನು ಇಡುತ್ತದೆ.

ಸುಮಾರು ಹತ್ತು ದಿನಗಳಲ್ಲಿ ಮೊಟ್ಟೆಯೊಡೆದು ಮರಿಹುಳು ಹೊರಬರುತ್ತದೆ. ಹೊರಬರುತ್ತದೆ ಎಂದೆವು, ವಾಸ್ತವದಲ್ಲಿ ಒಳಹೋಗುತ್ತದೆ! ಮೊದಲ ಎರಡು ತಿಂಗಳು ತೊಗಟೆಯ ಕೆಳಗೇ ತಿನ್ನುತ್ತಾ ಸಾಗುತ್ತದೆ. ಆಗ ಕಾಂಡದ ಮೇಲೆ ನರ ಉಬ್ಬಿದಂತೆ ಏಣುಗಳು ಏಳುತ್ತವೆ. ಅನಂತರ ಗಟ್ಟಿಮರದೊಳಕ್ಕೆ ನುಗ್ಗಿ, ಅಂಕುಡೊಂಕಾದ ಸುರಂಗಗಳನ್ನು ಕೊರೆದು, ತಾನು ತಿಂದುಬಿಟ್ಟ ಪುಡಿಯನ್ನೇ ಹಿಂದಕ್ಕೆ ಒತ್ತರಿಸಿ ದಾರಿಯನ್ನು ಮುಚ್ಚಿಕೊಳ್ಳುತ್ತದೆ. ಹೊರಗೆ ತೂತಿಲ್ಲ, ಉದುರುವ ಪುಡಿಯಿಲ್ಲ, ಸುಳಿವಿಲ್ಲ. ತಿಂಗಳುಗಟ್ಟಲೆ ಹೀಗೆ ಅಜ್ಞಾತವಾಸ ಮಾಡಿ, ಕೋಶವಾಗಿ, ಕೊನೆಗೆ ದುಂಬಿಯಾಗಿ ತೊಗಟೆಯನ್ನು ಕತ್ತರಿಸಿ ಹೊರಗೆ ಹಾರಿದಾಗಲೇ ಗುಂಡನೆಯ ತೂತು ಕಾಣಿಸುವುದು. ಮೊಟ್ಟೆಯಿಂದ ಹಾರಾಟದವರೆಗೆ ಹೆಚ್ಚು ಕಡಿಮೆ ಒಂದು ವರ್ಷ. ತೂತನ್ನು ಕಂಡು ‘ಅಯ್ಯೋ’ ಎನ್ನುವ ಹೊತ್ತಿಗೆ ಕಳ್ಳ ಮನೆ ಬಿಟ್ಟು ಹೋಗಿರುತ್ತಾನೆ. ಬಹುಶಃ ಪಕ್ಕದ ಮನೆಗೆ.

ಏಳೆಂಟು ವರ್ಷದ ಎಳೆಯ ಗಿಡವಾದರೆ ಒಂದೇ ವರ್ಷದಲ್ಲಿ ಒಣಗುತ್ತದೆ. ಹಳೆಯ ಗಿಡ ಇನ್ನು ಕೆಲವು ಕಾಲ ಜೀವ ಹಿಡಿದಿದ್ದರೂ ಫಸಲು ಇಳಿಯುತ್ತದೆ, ಎಲೆ ಹಳದಿಯಾಗುತ್ತದೆ. ಸತ್ತ ಗಿಡದ ಜಾಗದಲ್ಲಿ ಸಸಿ ನೆಟ್ಟರೆ ಮೊದಲ ಹಣ್ಣು ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು. ಆದುದರಿಂದ ಒಂದು ಗಿಡ ಹೋಯಿತೆಂದರೆ ಒಂದು ವರ್ಷದ ಬೆಳೆ ಹೋದಂತಲ್ಲ. ಮಗಳ ಮದುವೆಗೋ ಮಗನ ಓದಿಗೋ ಇಟ್ಟುಕೊಂಡ ಹಲವು ವರ್ಷಗಳ ಲೆಕ್ಕವೇ ತಪ್ಪಿದಂತೆ.

ನೂರೈವತ್ತು ವರ್ಷಗಳ ಹಿಂದಿನ ಪಾಠ

ಈ ಪೀಡೆ ಹೊಸದೇನೂ ಅಲ್ಲ. ಕೊಡಗಿನಲ್ಲಿ ಐರೋಪ್ಯರ ಕಾಫಿ ತೋಟಗಳು ತಲೆಯೆತ್ತಿದ್ದು ೧೮೫೪ರಿಂದೀಚೆಗೆ. ಆ ಉತ್ಸಾಹಿ ತೋಟಗಾರರು ಕಾಡನ್ನು ಬೋಳಾಗಿ ಕಡಿದು, ಸುಟ್ಟು, ನೆರಳೇ ಇಲ್ಲದ ಬಯಲಿನಲ್ಲಿ ಸಾಲುಸಾಲಾಗಿ ಗಿಡ ನೆಟ್ಟರು. ಮೊದಲ ಕೆಲವು ವರ್ಷ ಕೊಂಬೆ ಬಾಗುವಷ್ಟು ಫಸಲು ಬಂದಿತು. ಅಷ್ಟರಲ್ಲಿ ಒಣ ವರ್ಷಗಳು ಬಂದವು. ೧೮೬೬ರ ಸುಮಾರಿಗೆ ಬೋರರ್ ಎದ್ದು ತೋಟಗಳಿಗೆ ತೋಟಗಳನ್ನೇ ನುಂಗತೊಡಗಿತು. ಗಾಬರಿಗೊಂಡ ಮದರಾಸು ಸರ್ಕಾರ ತನ್ನ ವೈದ್ಯ ಇಲಾಖೆಯ ಜಾರ್ಜ್ ಬಿಡೀ ಎಂಬವರನ್ನು ವಿಚಾರಣೆಗೆ ನೇಮಿಸಿತು. ಗಿಡದ ರೋಗಕ್ಕೆ ಮನುಷ್ಯರ ವೈದ್ಯರೇ ಎಂದು ನಗಬೇಡಿ. ಈ ವೈದ್ಯರ ಕೈ ನಾಡಿಯ ಮೇಲೆಯೇ ಬಿದ್ದಿತು. ೧೮೬೯ರಲ್ಲಿ ಅಚ್ಚಾದ ಅವರ ವರದಿ ಬರಗಾಲದ ಮೇಲೆ ತಪ್ಪು ಹೊರಿಸಿ ಸುಮ್ಮನಾಗದೆ, ನೆರಳಿಲ್ಲದ ಬೇಸಾಯವನ್ನೂ ಎತ್ತಿ ತೋರಿಸಿತು. ಮುಂದೆ ಮಂಜರಾಬಾದಿನ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ಟರೂ ೧೮೯೪ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ನೆರಳಿನ ಪರವಾಗಿ ಬಲವಾಗಿ ವಾದಿಸಿದರು.

ತೊಗಟೆಯಡಿಯ ಶತ್ರು ಕಾಫಿಗೆ ಮಾತ್ರ ಗಂಟುಬಿದ್ದಿದೆಯೆಂದು ತಿಳಿಯಬೇಕಾಗಿಲ್ಲ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ೨೦೧೮ರ ಬರದ ನಂತರ ಸ್ಪ್ರೂಸ್ ಮರಗಳು ತೊಗಟೆ ದುಂಬಿಗೆ ತುತ್ತಾಗಿ, ಹಸಿರು ಬೆಟ್ಟಗಳು ಬೂದು ಬಣ್ಣಕ್ಕೆ ತಿರುಗಿದವು. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ೧೯೯೦ರ ದಶಕದಿಂದೀಚೆಗೆ ಇಂಥದೇ ಇನ್ನೊಂದು ದುಂಬಿ ಸುಮಾರು ೧.೮ ಕೋಟಿ ಹೆಕ್ಟೇರು ಪೈನ್ ಕಾಡನ್ನು ಬಾಧಿಸಿತು. ನಮ್ಮ ಕಾಂಡಕೊರಕವು ವಂಶದಲ್ಲಿ ಇವುಗಳಿಂದ ಬೇರೆ. ಆದರೂ ಮೂರೂ ಕಡೆ ಕಥೆ ಒಂದೇ: ಒಂದೇ ಜಾತಿಯ ಮರಗಳ ಒತ್ತು, ಬಿಸಿಲು ಬರಗಳಿಂದ ಕುಗ್ಗಿದ ಕಸುವು, ಆ ಹೊತ್ತಿಗೆ ಕಾದಿದ್ದ ಹುಳು.

ವಿಷದ ದಾರಿ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮನುಷ್ಯನಿಗೆ ಹೊಸ ಆಯುಧವೊಂದು ದೊರೆಯಿತು. ಗ್ಯಾಮಕ್ಸಿನ್ ಎಂದು ಮನೆಮನೆಗೂ ಪರಿಚಿತವಾಗಿದ್ದ ಬಿ.ಎಚ್.ಸಿ., ಅದರ ಬಳಗದ ಲಿಂಡೇನ್ ಮುಂತಾದ ವಿಷಗಳನ್ನು ಕಾಂಡಕ್ಕೆ ಬಳಿಯುವ ಪದ್ಧತಿ ತೋಟಗಳಲ್ಲಿ ಬೇರೂರಿತು. ಆದರೆ ವಿಷ ನಿಲ್ಲುವುದು ತೊಗಟೆಯ ಮೇಲೆ; ಶತ್ರು ಇರುವುದು ತೊಗಟೆಯ ಕೆಳಗೆ. ಒಳಸೇರುವ ಮುನ್ನ ಸಿಕ್ಕ ಮರಿ ಸತ್ತೀತು. ಒಳಸೇರಿದ್ದು ಅಲ್ಲಿ ಕ್ಷೇಮವಾಗಿರುತ್ತದೆ. ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳಿಗೆ ಇಂಥ ಕೋಟೆಯ ರಕ್ಷಣೆಯಿಲ್ಲ. ಮೇಲಾಗಿ ಈ ವಿಷಗಳು ಮಣ್ಣಿನಲ್ಲಿ ಬಹುಕಾಲ ಉಳಿಯತಕ್ಕವು. ಭಾರತ ೧೯೯೭ರಲ್ಲಿ ಬಿ.ಎಚ್.ಸಿ.ಯನ್ನು ನಿಷೇಧಿಸಿತು. ೨೦೦೯ರಲ್ಲಿ ಲಿಂಡೇನ್ ಸ್ಟಾಕ್‌ಹೋಮ್ ಒಪ್ಪಂದದ ನಿಷಿದ್ಧ ವಿಷಗಳ ಪಟ್ಟಿಗೆ ಸೇರಿತು. ಕೆಲವೇ ವರ್ಷಗಳಲ್ಲಿ ನಮ್ಮ ಬೇಸಾಯದಿಂದಲೂ ಹೊರಬಿದ್ದಿತು.

ಹಾಗಾದರೆ ವಿಷ ಬಿಟ್ಟುಬಿಟ್ಟರೆ ಸಾವಯವ ಕೃಷಿಯಾಯಿತೇ? ಇಲ್ಲ. ಏನನ್ನೂ ಮಾಡದೆ ಕೈಕಟ್ಟಿ ಕುಳಿತರೆ ಅದಕ್ಕೆ ಸಾವಯವವೆಂದು ಹೆಸರಲ್ಲ, ಉದಾಸೀನವೆಂದು ಹೆಸರು. ವಿಷ ಮಾಡುತ್ತಿದ್ದ ಕೆಲಸವನ್ನು ನೆರಳು, ಕೈ, ಕಣ್ಣುಗಳು ಮಾಡಬೇಕು. ಕಾಫಿ ಮಂಡಳಿಯ ಬಾಳೆಹೊನ್ನೂರಿನ ಕೇಂದ್ರ ಸಂಶೋಧನಾ ಸಂಸ್ಥೆಯೂ, ಕೊಡಗಿನವರಿಗೆ ಸಮೀಪವಾದ ಚೆಟ್ಟಳ್ಳಿಯ ಉಪಕೇಂದ್ರವೂ ಬೆಳೆಗಾರರಿಗೆ ಬಹುಕಾಲದಿಂದ ಹೇಳುತ್ತ ಬಂದಿರುವ ಕ್ರಮಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ನೆರಳೇ ಮೊದಲ ಔಷಧ

ದುಂಬಿಗೆ ಬಿಸಿಲು ಪ್ರಿಯವೆಂದ ಮೇಲೆ ಬಿಸಿಲನ್ನು ಹದವಾಗಿ ತಡೆಯುವುದೇ ಮೊದಲ ಉಪಾಯ. ಹಿಂದಿನವರು ತೋಟದಲ್ಲಿ ಎರಡು ಅಂತಸ್ತಿನ ನೆರಳು ಇಡುತ್ತಿದ್ದರು. ಮೇಲೆ ಅತ್ತಿ, ಬಸರಿ, ಹಲಸು, ಬೀಟೆ, ನಂದಿ ಮೊದಲಾದ ಕಾಡುಮರಗಳು. ಅವುಗಳ ಕೆಳಗೆ ಹಾಲುವಾಣ. ಮೇಲಿನ ಮರಗಳ ಎಲೆ ಉದುರಿ ಮಣ್ಣಿಗೆ ಗೊಬ್ಬರವಾಗುತ್ತಿತ್ತು. ಕೆಳಗಿನ ಹಾಲುವಾಣ ಬಿಸಿಲನ್ನು ಜರಡಿ ಹಿಡಿಯುತ್ತಿತ್ತು. ಆ ಮರಗಳಲ್ಲಿ ಕುಳಿತ ಮರಕುಟಿಗಗಳು ಕಾಂಡ ಕುಟ್ಟಿ ಹುಳುವನ್ನು ಹೆಕ್ಕುತ್ತಿದ್ದವು.

ಈಗ ಅನೇಕ ತೋಟಗಳಲ್ಲಿ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಮರಗಳ ಸಾಲೇ ಸಾಲು. ಅವು ಬೇಗ ಬೆಳೆಯುತ್ತವೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತವೆ, ಕಷ್ಟಕಾಲದಲ್ಲಿ ಮಾರಿದರೆ ಹಣವಾಗುತ್ತವೆ. ಬೆಳೆಗಾರನನ್ನು ದೂರುವಂತಿಲ್ಲ. ಆದರೆ ನೆಟ್ಟಗೆ ಮೇಲೇರುವ ಆ ಮರ ಅಗಲವಾದ ಅತ್ತಿಯ ಕೊಡೆಗೆ ಸಾಟಿಯಾಗಲಾರದು. ಇತ್ತ ಹಾಲುವಾಣಕ್ಕೂ ಕಳೆದ ಎರಡು ದಶಕಗಳಲ್ಲಿ ಎಲೆಯಲ್ಲಿ ಗಂಟು ಎಬ್ಬಿಸುವ ಸಣ್ಣ ಕಣಜದ ಕಾಟ ತಗಲಿದೆ. ಹೀಗೆ ಕೊಡೆ ಹರಿದಿದೆ. ಬಿಸಿಲು ಬಿದ್ದ ಕಡೆ ಬೋರರ್ ಬಂದಿತೆಂದು ಆಶ್ಚರ್ಯಪಡಬೇಕಾದುದಿಲ್ಲ.

ಮರಗಸಿಯ ಕಾಲವನ್ನೂ ಗಮನಿಸಬೇಕು. ಮರಗಸಿಯೆಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ. ಮಳೆಗಾಲದಲ್ಲಿ ಬೆಳಕು ಬೀಳಲೆಂದು ಅದನ್ನು ಮಾಡಲೇಬೇಕು. ಆದರೆ ಕೂಲಿ ಉಳಿಯಲೆಂದು ಎರಡು ವರ್ಷದ್ದನ್ನು ಒಂದೇ ವರ್ಷದಲ್ಲಿ ಬೋಳಿಸಿದರೆ, ಉಳಿದ ಕೂಲಿಯನ್ನು ಹುಳುವಿಗೆ ಬಡ್ಡಿ ಸಹಿತ ಕೊಡಬೇಕಾಗುತ್ತದೆ.

ಎಕರೆಗೆ ೧,೨೧೦ ನಮಸ್ಕಾರ

ಎರಡನೆಯದು ಹುಡುಕುವ ಕೆಲಸ. ಆರಡಿಗೊಂದರಂತೆ ನೆಟ್ಟ ಅರೇಬಿಕಾ ಎಕರೆಗೆ ೧,೨೧೦ ಗಿಡ. ಹತ್ತು ಎಕರೆಯೆಂದರೆ ಹನ್ನೆರಡು ಸಾವಿರಕ್ಕೂ ಮೇಲೆ. ದುಂಬಿ ಹಾರುವ ಮುನ್ನ, ಎಂದರೆ ಮಾರ್ಚಿಯಲ್ಲಿ ಒಮ್ಮೆ ಸೆಪ್ಟೆಂಬರಿನಲ್ಲಿ ಒಮ್ಮೆ, ಇಷ್ಟೂ ಗಿಡಗಳ ಮುಂದೆ ಬಗ್ಗಿ, ರೆಂಬೆಗಳನ್ನು ಸರಿಸಿ, ಬುಡದಿಂದ ಮೇಲಿನವರೆಗೆ ಕಾಂಡವನ್ನು ನೋಡಬೇಕು. ಉಬ್ಬಿದ ಏಣು ಇದೆಯೇ? ಎಲೆ ಬಾಡಿದೆಯೇ? ಅನುಮಾನ ಬಂದರೆ ಗಿಡ ಬಗ್ಗಿಸಿ ನೋಡಬೇಕು. ಒಳಗೆ ಟೊಳ್ಳಾದದ್ದು ಲಟಕ್ಕನೆ ಮುರಿಯುತ್ತದೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ನಮಸ್ಕಾರ ಹಾಕುವವರಿಗೂ ಇಷ್ಟು ನಡು ನೋಯದು!

ಹುಳು ಹೊಕ್ಕ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಕೆಲಸ ಕಠಿಣವಾಗುವುದು ಇಲ್ಲಿಯೇ. ಇಂಥ ಮಾತುಕತೆ ಆ ಸೀಮೆಯ ಯಾವ ತೋಟದಲ್ಲಾದರೂ ಕಿವಿಗೆ ಬಿದ್ದೀತು:

‘ಇದು ಇಷ್ಟು ಹಸಿರಾಗಿದೆಯಲ್ಲಪ್ಪ, ಇದನ್ನೂ ಕೀಳಬೇಕೆ? ಈ ವರ್ಷದ ಕೊಯ್ಲು ಮುಗಿಯಲಿ ಬಿಡು.’

‘ಹಸಿರು ಎಲೇಲಿದೆ ಸಾಹುಕಾರ್ರೇ, ಕಾಂಡದಲ್ಲಿಲ್ಲ. ಇದೊಂದನ್ನ ಬಿಟ್ಟರೆ ಬರೋ ವರ್ಷ ಸುತ್ತಲಿನ ಹತ್ತು ಕೀಳಬೇಕಾಗುತ್ತೆ.’

ಮೇಸ್ತ್ರಿಯ ಮಾತೇ ನಿಜ. ‘ಆಳು ಮಾಡಿದ್ದು ಹಾಳು’ ಎಂಬ ಗಾದೆ ಇಲ್ಲಿ ಸುಳ್ಳಾಗುತ್ತದೆ. ಸಾಲಿನಲ್ಲಿ ದಿನವೂ ನಡೆಯುವ ಹೆಣ್ಣಾಳು ಗಂಡಾಳುಗಳ ಪಳಗಿದ ಕಣ್ಣೇ ತೋಟದ ಕಾವಲು. ಕಿತ್ತ ಕಾಂಡವನ್ನು ಸೌದೆಗೆಂದು ಲೈನ್ ಮನೆಯ ಹಿತ್ತಿಲಲ್ಲಿ ಒಟ್ಟಿದರೂ ಅಪಾಯ ತಪ್ಪದು. ಒಣಸೌದೆಯ ಒಳಗಿನಿಂದಲೇ ದುಂಬಿ ಹೊರಟು ತೋಟ ಸೇರುತ್ತದೆ. ಸೌದೆ ಬೇಕೇ ಬೇಕೆಂದರೆ ಏಳರಿಂದ ಹತ್ತು ದಿನ ನೀರಿನಲ್ಲಿ ಮುಳುಗಿಸಿಟ್ಟು ಅನಂತರ ಉಪಯೋಗಿಸಬೇಕು.

ಉಜ್ಜು, ಸುಣ್ಣ, ಬಲೆ

ಮೂರನೆಯದು ಕಾಂಡವನ್ನು ಉಜ್ಜುವುದು. ಮೊಟ್ಟೆಯಿಡಲು ಬಿರುಕೇ ಇಲ್ಲದಂತೆ ಮಾಡಿದರೆ ದುಂಬಿ ಏನು ಮಾಡೀತು? ತೆಂಗಿನ ಸಿಪ್ಪೆಯಿಂದಲೋ ನಾರಿನ ಕೈಗವಸಿನಿಂದಲೋ ಕಾಂಡದ ಮತ್ತು ದಪ್ಪ ರೆಂಬೆಗಳ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಬೇಕು. ಮೊಟ್ಟೆಗಳಿದ್ದರೆ ಅವೂ ಉದುರಿಹೋಗುತ್ತವೆ. ಕತ್ತಿ ಚಾಕುಗಳನ್ನು ಮಾತ್ರ ಮುಟ್ಟಿಸಕೂಡದು. ಗಾಯವಾದರೆ ಗಿಡಕ್ಕೆ ಹೊಸ ಕಷ್ಟ. ಕೂಸಿನ ಬೆನ್ನು ಉಜ್ಜುವಷ್ಟೇ ಬಲ ಸಾಕು.

ನಾಲ್ಕನೆಯದು ಸುಣ್ಣ. ೨೦ ಕಿಲೋ ಸುಣ್ಣವನ್ನು ೨೦೦ ಲೀಟರು ನೀರಿನಲ್ಲಿ ಕಲಕಿ, ಮಳೆಗೆ ಬೇಗ ತೊಳೆದುಹೋಗದಂತೆ ಸ್ವಲ್ಪ ಅಂಟು ಸೇರಿಸಿ, ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಸಿಂಪಡಿಸುತ್ತಾರೆ. ಬಿರುಕುಗಳು ಮುಚ್ಚಿ ದುಂಬಿಗೆ ಮೊಟ್ಟೆಯಿಡಲು ತೊಡಕಾಗುತ್ತದೆ. ಹಾರಾಟದ ಎರಡು ಕಾಲಗಳಲ್ಲಿಯೂ ಇದು ಆಗಬೇಕು. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವ ನಮ್ಮ ಜನಕ್ಕೆ ಈ ಉಪಾಯದಲ್ಲಿ ಕಲಿಯುವುದು ಹೆಚ್ಚಿಲ್ಲ. ಕಾಲ ತಪ್ಪದಿರುವುದೇ ಮುಖ್ಯ. ಹಬ್ಬ ಕಳೆದ ಮೇಲೆ ಸುಣ್ಣ ಹೊಡೆದು ಪ್ರಯೋಜನವೇನು?

ಐದನೆಯದು ಹೊಸಕಾಲದ ಕಾಣಿಕೆ. ಗಂಡು ದುಂಬಿ ಒಂದು ಬಗೆಯ ವಾಸನೆಯನ್ನು ಹೊರಸೂಸಿ ಹೆಣ್ಣನ್ನು ಕರೆಯುತ್ತದೆ. ವಿಜ್ಞಾನಿಗಳು ಆ ವಾಸನೆಯ ದ್ರವ್ಯವನ್ನು ಗುರುತಿಸಿ, ಪ್ರಯೋಗಶಾಲೆಯಲ್ಲಿ ತಯಾರಿಸಿ, ಬಲೆಗೆ ಇಟ್ಟಿದ್ದಾರೆ. ಇದೇ ಮೋಹಕ ಬಲೆ. ಎಕರೆಗೆ ಹತ್ತರಂತೆ ತೂಗುಹಾಕಿದರೆ, ಮಿಲನಕ್ಕೆಂದು ಹಾರಿಬಂದ ಹೆಣ್ಣು ದುಂಬಿ ಅಲ್ಲಿಯೇ ಸೆರೆಯಾಗುತ್ತದೆ. ವಿಷದ ಒಂದು ತೊಟ್ಟೂ ಗಿಡಕ್ಕೆ ತಾಗುವುದಿಲ್ಲ. ಆದರೆ ಬಲೆಯೊಂದನ್ನೇ ನಂಬಿ ಉಳಿದ ಕೆಲಸ ಬಿಟ್ಟವರನ್ನು ಬಲೆ ಕಾಪಾಡಲಾರದು. ಹಾರಾಟ ಯಾವಾಗ ಆರಂಭವಾಯಿತು, ಎಷ್ಟು ಜೋರಾಗಿದೆ ಎಂದು ತಿಳಿಸುವ ಗಂಟೆಯೆಂದು ಅದನ್ನು ಭಾವಿಸುವುದು ಮೇಲು.

ಇವೆಲ್ಲಕ್ಕೂ ತಳಹದಿಯಾಗಿ ಮಣ್ಣಿನ ಆರೈಕೆ ಬೇಕು. ಕಾಂಪೋಸ್ಟು, ತರಗೆಲೆಯ ಹೊದಿಕೆ, ಬೇಸಗೆಯಲ್ಲಿ ಬುಡದ ತೇವ ಆರದಂತೆ ಎಚ್ಚರ. ಮೈಯಲ್ಲಿ ಕಸುವಿದ್ದ ಗಿಡ ಸಣ್ಣಪುಟ್ಟ ಏಟು ತಾಳಿಕೊಳ್ಳುತ್ತದೆ.

ಬೇಲಿ ಕಾಣದ ದುಂಬಿ

ಇಷ್ಟು ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ದುಂಬಿ ಪಹಣಿ ಓದುವುದಿಲ್ಲ. ಸರ್ವೆ ಕಲ್ಲು ಅದಕ್ಕೆ ಕಾಣುವುದಿಲ್ಲ. ಐದು ಎಕರೆಯ ಒಬ್ಬ ಬೆಳೆಗಾರ ಬೆನ್ನು ಮುರಿದು ದುಡಿದಿದ್ದಾನೆ; ಪಕ್ಕದ ಐದು ಎಕರೆಯ ಒಡೆಯ ಪಟ್ಟಣದಲ್ಲಿದ್ದಾನೆ. ಬಾಗಿಲು ಹಾಕಿದ ಮನೆ, ನೋಡುವವರಿಲ್ಲದ ತೋಟ, ಒಣಗಿ ನಿಂತ ಗಿಡ. ಏಪ್ರಿಲ್ ಬಂದೊಡನೆ ಅಲ್ಲಿಂದ ಇಲ್ಲಿಗೆ ದಂಡಯಾತ್ರೆ. ಮೊದಲನೆಯವನ ಶ್ರಮ ಎರಡನೆಯವನ ಮೌನದಿಂದ ನಿಷ್ಫಲವಾಗುತ್ತದೆ.

ಈ ಮಾತು ನಗರದ ಓದುಗರಲ್ಲಿ ಕೆಲವರಿಗಾದರೂ ನೇರವಾಗಿ ತಟ್ಟಬೇಕು. ಮಲೆನಾಡಿನಲ್ಲಿ ಅಜ್ಜನ ಕಾಲದ ತುಂಡು ತೋಟವಿದ್ದು, ಮದುವೆ ಜಾತ್ರೆಗಳಿಗೆ ಮಾತ್ರ ಊರ ಕಡೆ ಮುಖ ಹಾಕುವ ಕುಟುಂಬಗಳು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಅಣ್ಣತಮ್ಮಂದಿರ ಪಾಲಿನ ವ್ಯವಹಾರ ಮುಗಿಯದೆ ತೋಟ ಹಾಳುಬಿದ್ದಿರುವುದೂ ಉಂಟು. ಅಂಥವರು ವ್ಯಾಜ್ಯ ಮುಗಿಯುವವರೆಗೆ ಕಾಯದೆ, ಮಾರ್ಚಿಯಲ್ಲಿ ಎರಡು ದಿನ ಸೆಪ್ಟೆಂಬರಿನಲ್ಲಿ ಎರಡು ದಿನ ಊರಿಗೆ ಹೋಗಿ, ಹುಳು ಹಿಡಿದ ಗಿಡಗಳನ್ನಾದರೂ ಕೀಳಿಸಿ ಬರಲಿ. ನೆರೆಯವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಒಂದು ಊರಿನವರೆಲ್ಲ ಸೇರಿ, ಒಂದೇ ವಾರದಲ್ಲಿ, ಒಂದೇ ಕೆಲಸ ಮಾಡಿದರೆ ಹುಳುವಿಗೆ ತಪ್ಪಿಸಿಕೊಳ್ಳಲು ನೆರೆಮನೆಯೇ ಇರುವುದಿಲ್ಲ.

ತೋಟವಿಲ್ಲದವರಿಗೂ ಈ ಪಾಠ ಉಪಯುಕ್ತವೇ. ನಿಮ್ಮ ಅಂಗಳದ ಮಾವಿನ ಮರದ ಬುಡದಲ್ಲಿ ಮರದ ಹೊಟ್ಟು ಉದುರಿದ್ದರೆ ಒಮ್ಮೆ ಕಾಂಡವನ್ನು ನೋಡಿ. ಮಾವಿಗೂ ಬೇರೊಂದು ಕಾಂಡಕೊರಕವುಂಟು. ತೂತಿನೊಳಕ್ಕೆ ಕೊಕ್ಕೆ ಮಾಡಿದ ತಂತಿ ಹೊಗಿಸಿ ಹುಳುವನ್ನು ಎಳೆದು ತೆಗೆದು, ತೂತನ್ನು ಜೇಡಿಮಣ್ಣಿನಿಂದ ಮೆತ್ತಿದರೆ ಅನೇಕ ವೇಳೆ ಮರ ಉಳಿಯುತ್ತದೆ. ಮರಕ್ಕೆ ಮೊಳೆ ಹೊಡೆಯುವುದು, ತಂತಿ ಬಿಗಿಯುವುದು, ಬುಡದವರೆಗೂ ಸಿಮೆಂಟು ಹಾಕಿ ಬೇರಿಗೆ ನೀರು ತಪ್ಪಿಸುವುದು, ಇವೆಲ್ಲ ಹುಳುವಿಗೆ ಕೊಡುವ ಆಹ್ವಾನಪತ್ರಿಕೆಗಳು.

ಬೋರರನ್ನು ಲೋಕದಿಂದಲೇ ಅಳಿಸಿಬಿಡುತ್ತೇವೆಂಬ ಭ್ರಮೆ ಯಾರಿಗೂ ಬೇಡ. ಅದು ಈ ಮಲೆಗಳ ಹಳೆಯ ನಿವಾಸಿ; ಇದ್ದೇ ಇರುತ್ತದೆ. ಅದನ್ನು ನೂರಕ್ಕೆ ಒಂದೆರಡು ಗಿಡದ ಮಟ್ಟಿಗೆ ಇಟ್ಟುಕೊಂಡು ಬಾಳುವುದು ಸಾಧ್ಯ. ನೂರಕ್ಕೆ ಮೂವತ್ತಕ್ಕೆ ಏರಲು ಬಿಟ್ಟವರು ಅರೇಬಿಕಾವನ್ನೇ ಬಿಡಬೇಕಾಗುತ್ತದೆ. ಈ ಎರಡರ ನಡುವಣ ಅಂತರವನ್ನು ಕಾಯುತ್ತಿರುವುದು ಯಾವ ಡಬ್ಬಿಯ ಔಷಧವೂ ಅಲ್ಲ. ಒಂದು ಅತ್ತಿಮರ, ಒಂದು ಹಿಡಿ ತೆಂಗಿನ ನಾರು, ಸಾಲಿನಲ್ಲಿ ಬಗ್ಗಿ ನೋಡುವ ಒಂದು ಜೊತೆ ಕಣ್ಣು. ಸೋಮವಾರಪೇಟೆಯ ಬೆಟ್ಟಗಳಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗೆ ಅರಳುವ ಕಾಲಕ್ಕೆ ಸರಿಯಾಗಿ ಮಾರ್ಚಿಯ ಹುಡುಕುವ ಕೆಲಸವೂ ಬರುತ್ತದೆ. ಹೂವಿನ ಸೊಬಗಿಗೆ ಮೈಮರೆಯದೆ ಆ ಹೊತ್ತಿನಲ್ಲಿ ಕಾಂಡವನ್ನು ನೋಡಿದ ಮನೆಯಲ್ಲಿ ಬರುವ ವರ್ಷವೂ ಹೂವಿರುತ್ತದೆ.